ಬ್ರಿಟಾನಿಯಾದ ಎರಡನೆಯ ತಲೆಮಾರು: 'ಫೋರ್ ನೈಟ್ಸ್ ಆಫ್ ದಿ ಅಪೊಕ್ಯಾಲಿಪ್ಸ್' ಮಂಗಾವನ್ನು ಓದುವ ಬಗೆ

ನಕಾಬಾ ಸುಝುಕಿಯವರ 'ದಿ ಸೆವೆನ್ ಡೆಡ್ಲಿ ಸಿನ್ಸ್' ಎಂಬ ಮಂಗಾ (ಜಪಾನಿ ಚಿತ್ರಕತೆ) 2012ರ ಅಕ್ಟೋಬರಿನಲ್ಲಿ ಜಪಾನಿನ 'ವೀಕ್ಲಿ ಶೋನೆನ್ ಮ್ಯಾಗಝೀನ್' ವಾರಪತ್ರಿಕೆಯಲ್ಲಿ ಆರಂಭವಾಗಿ 2020ರ ಮಾರ್ಚಿನಲ್ಲಿ ಮುಗಿಯಿತು. ಒಟ್ಟು 346 ಅಧ್ಯಾಯಗಳು, ಪುಸ್ತಕರೂಪದಲ್ಲಿ 41 ಸಂಪುಟಗಳು. ಹತ್ತು ತಿಂಗಳ ನಂತರ, 2021ರ ಜನವರಿಯಲ್ಲಿ, ಅದೇ ಪತ್ರಿಕೆಯಲ್ಲಿ ಅದೇ ಲೇಖಕರು ಮುಂದಿನ ತಲೆಮಾರಿನ ಕತೆಯನ್ನು ಕೈಗೆತ್ತಿಕೊಂಡರು. ಅದೇ 'ಫೋರ್ ನೈಟ್ಸ್ ಆಫ್ ದಿ ಅಪೊಕ್ಯಾಲಿಪ್ಸ್'. ಅನಿಮೆಯ (ಜಪಾನಿ ಆನಿಮೇಷನ್ ಸರಣಿಯ) ಮೂಲಕ ಮೂಲ ಕತೆಯ ಮೆಲಿಯೊಡಸ್, ಬ್ಯಾನ್, ಎಲಿಝಬೆತ್ ಮೊದಲಾದವರನ್ನು ಮೆಚ್ಚಿಕೊಂಡವರು ಈ ಹೊಸ ಸರಣಿಯ ಮೊದಲ ಸಂಪುಟವನ್ನು ತೆರೆದೊಡನೆ ಸ್ವಲ್ಪ ಕಕ್ಕಾಬಿಕ್ಕಿಯಾಗುವುದುಂಟು, ಏಕೆಂದರೆ ಅಲ್ಲಿ ಪರಿಚಿತ ಮುಖ ಒಂದೂ ಇಲ್ಲ. ಮೋಡಗಳಿಗಿಂತ ಎತ್ತರದ ಒಂದು ಶಿಖರದ ಮೇಲೆ ಅಜ್ಜನೊಡನೆ ಬೇಟೆಯಾಡಿಕೊಂಡು ಬೆಳೆದ, ಅಜ್ಜನನ್ನು ಬಿಟ್ಟರೆ ಬೇರೆ ಮನುಷ್ಯರನ್ನೇ ಕಂಡಿರದ ಪರ್ಸಿವಲ್ ಎಂಬ ಹುಡುಗನಿಂದ ಕತೆ ಶುರುವಾಗುತ್ತದೆ. ಈ ಬರಹ ಅಂಥ ಓದುಗರಿಗಾಗಿ, ಹಾಗೆಯೇ ಮೂಲ ಸರಣಿಯನ್ನು ಮುಟ್ಟದೆ ನೇರವಾಗಿ ಇಲ್ಲಿಗೆ ಬಂದವರಿಗಾಗಿ. ಸಂಪುಟ ಸಂಪುಟವಾಗಿ ಕತೆ ಹೇಳುವ ಉದ್ದೇಶ ನನಗಿಲ್ಲ. ಹೊಸ ಸರಣಿಯ ಮೊದಲ ಅಧ್ಯಾಯದಿಂದಾಚೆಗಿನ ಮುಖ್ಯ ಗುಟ್ಟುಗಳನ್ನು ಬಿಟ್ಟುಕೊಡುವುದೂ ಇಲ್ಲ. ಆದರೆ ಮೂಲ ಸರಣಿಯ ಅಂತ್ಯವನ್ನು ಮುಟ್ಟದೆ ಈ ವಿಷಯವನ್ನು ಬರೆಯಲು ಬರುವುದಿಲ್ಲ, ಅದನ್ನು ತಿಳಿಯಬಯಸದವರು ಮುಂದಿನ ಭಾಗವನ್ನು ಬಿಟ್ಟು ಓದಬಹುದು.

ಮೂಲವನ್ನು ಎಷ್ಟು ಓದಿರಬೇಕು

ಎಲ್ಲರೂ ಕೇಳುವ ಮೊದಲ ಪ್ರಶ್ನೆ, 41 ಸಂಪುಟಗಳನ್ನು ಮುಗಿಸಿಯೇ ಇಲ್ಲಿಗೆ ಬರಬೇಕೇ ಎಂಬುದು. ಸಮಯವೂ ಆಸಕ್ತಿಯೂ ಇದ್ದರೆ ಅದಕ್ಕಿಂತ ಒಳ್ಳೆಯ ದಾರಿ ಇಲ್ಲ. ಆದರೆ ಅದು ಕಡ್ಡಾಯವೆಂದು ನಾನು ಹೇಳಲಾರೆ, ಏಕೆಂದರೆ ಸುಝುಕಿಯವರು ಹೊಸ ಓದುಗನಿಗೊಂದು ಬಾಗಿಲನ್ನು ಬೇಕೆಂದೇ ತೆರೆದಿಟ್ಟಿದ್ದಾರೆ. ಪರ್ಸಿವಲ್‌ಗೆ ಲೋಕದ ಬಗ್ಗೆ ಏನೂ ಗೊತ್ತಿಲ್ಲ. ಪವಿತ್ರ ಯೋಧರೆಂದರೆ ಯಾರು, ಮಾಂತ್ರಿಕ ಶಕ್ತಿ ಹೇಗೆ ಕೆಲಸ ಮಾಡುತ್ತದೆ, ಲಿಯೊನೆಸ್ ಎಂಬ ರಾಜ್ಯ ಎಲ್ಲಿದೆ ಎಂಬುದನ್ನೆಲ್ಲ ಅವನು ದಾರಿಯಲ್ಲಿ ಸಿಕ್ಕವರನ್ನು ಕೇಳಿ ತಿಳಿದುಕೊಳ್ಳುತ್ತಾನೆ, ಅವನ ಬೆನ್ನ ಹಿಂದೆ ನಿಂತು ನಾವೂ ತಿಳಿದುಕೊಳ್ಳುತ್ತೇವೆ. ಆರಂಭದ ಸಂಪುಟಗಳ ಮಟ್ಟಿಗೆ ಇಷ್ಟು ಸಾಕಾಗುತ್ತದೆ. ಪರ್ಸಿವಲ್ ಮತ್ತು ಅವನ ಜೊತೆಗಾರರು ಲಿಯೊನೆಸ್ ತಲುಪಿದ ಮೇಲೆ ಮಾತ್ರ ಪರಿಸ್ಥಿತಿ ಬದಲಾಗುತ್ತದೆ. ಅಲ್ಲಿಂದಾಚೆಗೆ ಹಿರಿಯರು ಒಬ್ಬೊಬ್ಬರಾಗಿ ಕಾಣಿಸಿಕೊಳ್ಳುತ್ತಾರೆ, ಅವರ ಹಿಂದಿನ ಕತೆ ಗೊತ್ತಿಲ್ಲದವನಿಗೆ ಅವರ ಮೌನಗಳೂ ಅರ್ಧ ಮಾತುಗಳೂ ಖಾಲಿಯಾಗಿಯೇ ಕಾಣುತ್ತವೆ. ಆದ್ದರಿಂದ ಮೂಲವನ್ನು ಓದದವರಿಗೆ ನನ್ನ ಸಲಹೆ ಇದು: ಲಿಯೊನೆಸ್‌ವರೆಗೆ ಹೊಸ ಸರಣಿಯನ್ನು ಓದಿ, ಅಲ್ಲಿ ನಿಲ್ಲಿಸಿ, ಮೂಲಕ್ಕೆ ಹೋಗಿ, ಮತ್ತೆ ಬನ್ನಿ. ಹಿಂದಕ್ಕೆ ಹೋಗುವ ತಾಳ್ಮೆ ಇಲ್ಲವೆಂದಾದರೆ, ಕೆಲವು ಸಂಗತಿಗಳನ್ನಾದರೂ ಮನಸ್ಸಿನಲ್ಲಿಟ್ಟುಕೊಂಡು ಮುಂದುವರಿಯಬೇಕು.

ಬ್ರಿಟಾನಿಯಾ ಎಂಬ ಭೂಭಾಗದಲ್ಲಿ ಐದು ಕುಲಗಳಿವೆ: ಮನುಷ್ಯರು, ದೈತ್ಯರು, ಯಕ್ಷಿಣಿಯರು, ರಾಕ್ಷಸರು, ದೇವತೆಗಳು. ಮೂರು ಸಾವಿರ ವರ್ಷಗಳ ಹಿಂದೆ ಈ ಕುಲಗಳ ನಡುವೆ ನಡೆದ ಮಹಾಯುದ್ಧದ ಬಾಕಿಯೇ ಮೂಲ ಸರಣಿಯ ಕತೆ. ಏಳು ಪಾಪಗಳ ಹೆಸರು ಹೊತ್ತ ಯೋಧಪಡೆಯ ನಾಯಕ ಮೆಲಿಯೊಡಸ್ ರಾಕ್ಷಸರಾಜನ ಮಗ, ಅವನು ಪ್ರೀತಿಸುವ ಎಲಿಝಬೆತ್ ದೇವತಾಕುಲದವಳು, ಸತ್ತು ಸತ್ತು ಹುಟ್ಟುವ ಶಾಪ ಅವಳಿಗೆ, ಸಾಯದೆ ಅದನ್ನು ನೋಡುತ್ತಿರುವ ಶಾಪ ಅವನಿಗೆ. ರಾಕ್ಷಸರಾಜ ಸೋತ ಮೇಲೆ ಇಬ್ಬರೂ ಲಿಯೊನೆಸ್‌ನಲ್ಲಿ ನೆಲೆಯಾಗುತ್ತಾರೆ, ಟ್ರಿಸ್ಟನ್ ಅವರ ಮಗ. ಅದೇ ಪಡೆಯ ಬ್ಯಾನ್ ಹಾಗೂ ಯಕ್ಷಿಣಿ ಎಲೇನ್ ದಂಪತಿಗಳ ಮಗ ಲ್ಯಾನ್ಸೆಲಾಟ್. ಯಕ್ಷರಾಜ ಕಿಂಗ್ ಮತ್ತು ದೈತ್ಯಕುಲದ ಡಯಾನ್ ಮದುವೆಯಾಗುತ್ತಾರೆ. ಸೂರ್ಯನೊಡನೆ ಬಲ ಏರಿ ನಡುಹಗಲಿನಲ್ಲಿ ಅಜೇಯನಾಗುವ, ಪಡೆಯ ಇನ್ನೊಬ್ಬ ಯೋಧ ಎಸ್ಕನೋರ್ ಕೊನೆಯ ಯುದ್ಧದಲ್ಲಿ ಸಾಯುತ್ತಾನೆ. ಆ ಸಾವೊಂದನ್ನು ಬಿಟ್ಟರೆ ಇಷ್ಟೂ ಸುಖಾಂತದ ಲೆಕ್ಕಕ್ಕೇ ಸೇರುವಂಥವು. ಆದರೆ ನಿಜಕ್ಕೂ ಮುಖ್ಯವಾದದ್ದು ಬಹಳ ಓದುಗರು ಅವಸರದಲ್ಲಿ ದಾಟಿಬಿಡುವ ಕೊನೆಯ ಭಾಗ: ಸಕಲ ಸೃಷ್ಟಿಗೂ ಮೂಲವಾದ ಕೇಯಾಸ್ ಎಂಬ ಶಕ್ತಿಯನ್ನು ಮಾಂತ್ರಿಕೆ ಮರ್ಲಿನ್ ಎಬ್ಬಿಸುತ್ತಾಳೆ, ಸತ್ತಿದ್ದ ಕ್ಯಾಮೆಲಾಟಿನ ತರುಣ ಅರಸ ಆರ್ಥರ್ ಆ ಶಕ್ತಿಯ ಒಡೆಯನಾಗಿ ಎದ್ದುಬರುತ್ತಾನೆ. ಮೂಲ ಸರಣಿ ಮುಗಿಯುವಾಗ ಈ ಎಳೆ ಕಟ್ಟದೆ ಉಳಿದಂತೆ ಕಾಣುತ್ತದೆ, ಹೊಸ ಸರಣಿ ಹಿಡಿದಿರುವುದು ಅದನ್ನೇ.

ಅನಿಮೆಯನ್ನು ನೋಡಿದ್ದರೆ ಸಾಲದೇ ಎಂದರೆ, ಅರ್ಧದಷ್ಟು ಸಾಕು ಎನ್ನಬೇಕಾಗುತ್ತದೆ. 2014ರಲ್ಲಿ ಎ-1 ಪಿಕ್ಚರ್ಸ್ ಸಂಸ್ಥೆ ತಯಾರಿಸಿದ ಮೊದಲ ಸರಣಿ ಚೆನ್ನಾಗಿದೆ. 2019ರಿಂದ ನಿರ್ಮಾಣ ಸ್ಟುಡಿಯೋ ಡೀನ್ ಕೈಗೆ ಬಂತು, ಆ ನಂತರದ ಭಾಗಗಳ ಚಿತ್ರಣ ಅಭಿಮಾನಿಗಳಿಂದಲೇ ಸಾಕಷ್ಟು ಟೀಕೆಗೆ ಗುರಿಯಾಯಿತು. ದುರದೃಷ್ಟವೆಂದರೆ ಹೊಸ ಸರಣಿಗೆ ಬೇಕಾದ ಸಂಗತಿಗಳೆಲ್ಲ ಆ ಭಾಗದಲ್ಲೇ ಇವೆ. ಹಾಗಾಗಿ ಮೊದಲ ಅರ್ಧವನ್ನು ತೆರೆಯ ಮೇಲೆ ನೋಡಿದವರೂ ಕೊನೆಯ ಹತ್ತು ಸಂಪುಟಗಳನ್ನಾದರೂ ಕಾಗದದ ಮೇಲೆ ಓದುವುದು ಲೇಸು. ಒಂದು ಎಚ್ಚರಿಕೆಯನ್ನೂ ಹೇಳಬೇಕು. ಮೂಲ ಸರಣಿಯಲ್ಲಿ ಮೆಲಿಯೊಡಸ್ ಎಲಿಝಬೆತಳ ಮೈಮುಟ್ಟುವುದನ್ನು ಪದೇ ಪದೇ ಹಾಸ್ಯವೆಂಬಂತೆ ತೋರಿಸಲಾಗಿದೆ. ಆ ಹಾಸ್ಯ ಅಂದೂ ಸಪ್ಪೆ, ಇಂದು ಇನ್ನೂ ಕಿರಿಕಿರಿ. ಚಿಕ್ಕ ಮಕ್ಕಳ ಕೈಗೆ ಕೊಡುವ ಮೊದಲು ಹಿರಿಯರು ಒಂದೆರಡು ಸಂಪುಟಗಳನ್ನು ಓದಿನೋಡಬೇಕು. ಪರ್ಸಿವಲ್‌ನ ಕತೆಯಲ್ಲಿ ಆ ಚಾಳಿ ಬಹಳ ಮಟ್ಟಿಗೆ ಇಳಿದಿದೆ, ಆದರೆ ರಕ್ತಪಾತ ಇಳಿದಿಲ್ಲ. ಮೊದಲ ಅಧ್ಯಾಯದಲ್ಲೇ ಕಣ್ಣೆದುರಿಗೆ ಅಜ್ಜನ ಕೊಲೆಯಾಗುತ್ತದೆ.

ಹೆಸರುಗಳ ಒಳಗಿರುವ ಹಳೆಯ ಕತೆ

ಮುಂದಿನ ತಲೆಮಾರಿನ ಕತೆಗಳ ಬಗ್ಗೆ ಸಾಮಾನ್ಯವಾಗಿ ಕೇಳಿಬರುವ ದೂರೆಂದರೆ, ಜನಪ್ರಿಯತೆಯನ್ನು ಇನ್ನಷ್ಟು ಕಾಲ ಹಿಂಡಿಕೊಳ್ಳಲು ಅವನ್ನು ಆಮೇಲೆ ಹೊಸೆಯುತ್ತಾರೆ ಎಂಬುದು. ಈ ಸರಣಿಗೆ ಆ ಮಾತು ಅನ್ವಯಿಸುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ, ಅದಕ್ಕೆ ಸಾಕ್ಷಿ ಮೊದಲ ಸರಣಿಯ ಹೆಸರುಗಳಲ್ಲೇ ಇದೆ. ಸರ್ ಥಾಮಸ್ ಮ್ಯಾಲರಿ ಇಂಗ್ಲಿಷಿನಲ್ಲಿ ಒಟ್ಟುಗೂಡಿಸಿದ, 1485ರಲ್ಲಿ ವಿಲಿಯಂ ಕ್ಯಾಕ್ಸ್ಟನ್ ಮುದ್ರಿಸಿದ ಆರ್ಥರ್ ರಾಜನ ಐತಿಹ್ಯದ ಮಹಾಕಥನದಲ್ಲಿ ಟ್ರಿಸ್ಟನ್ ಎಂಬ ವೀರನ ತಂದೆ ಲಿಯೊನೆಸ್ ದೇಶದ ಅರಸ ಮೆಲಿಯೊಡಸ್, ತಾಯಿ ಎಲಿಝಬೆತ್. ಲ್ಯಾನ್ಸೆಲಾಟನ ತಂದೆ ಬೆನ್ವಿಕ್ ದೇಶದ ರಾಜ ಬ್ಯಾನ್, ತಾಯಿ ಎಲೇನ್. ಗವೇನ್ ಎಂಬ ವೀರನ ಬಲ ಬೆಳಗಿನಿಂದ ಏರುತ್ತಾ ಹೋಗಿ ನಡುಹಗಲಿಗೆ ತುದಿ ಮುಟ್ಟಿ ಆಮೇಲೆ ಇಳಿಯುತ್ತದೆ. ಸುಝುಕಿಯವರು ಐತಿಹ್ಯದಲ್ಲಿ ಕೇವಲ ತಂದೆತಾಯಂದಿರಾಗಿ ಬಂದು ಹೋಗುವವರನ್ನೇ 2012ರಲ್ಲಿ ತಮ್ಮ ಕತೆಯ ನಾಯಕ ನಾಯಕಿಯರನ್ನಾಗಿ ಮಾಡಿಕೊಂಡರು. ಹಾಗೆ ಮಾಡಿದ ದಿನವೇ ಅವರಿಗೆ ಯಾವ ಮಕ್ಕಳು ಹುಟ್ಟಬೇಕೆಂಬುದು ನಿಶ್ಚಯವಾದಂತಾಯಿತು. ಆರ್ಥರನ ವೀರರ ಮೇಲೆ ಅವರಿಗಿರುವ ಒಲವು ಅದಕ್ಕೂ ಹಳೆಯದು. 1998ರಲ್ಲಿ ಆರಂಭವಾದ ಅವರ 'ರೈಸಿಂಗ್ ಇಂಪ್ಯಾಕ್ಟ್' ಎಂಬ ಗಾಲ್ಫ್ ಕತೆಯ ಹುಡುಗರ ಹೆಸರೂ ಗವೇನ್, ಲ್ಯಾನ್ಸೆಲಾಟ್ ಎಂದೇ ಇದ್ದವು!

ಇದನ್ನು ತಿಳಿದು ಓದುವುದರಿಂದ ಆಗುವ ಉಪಯೋಗವೇನೆಂದರೆ, ಹೊಸ ಪಾತ್ರವೊಂದು ಪ್ರವೇಶಿಸಿದಾಗ ಅದು ಐತಿಹ್ಯದಲ್ಲಿ ಯಾರೆಂದು ಒಮ್ಮೆ ನೆನೆದರೆ ಲೇಖಕರು ಎಲ್ಲಿ ಹಳೆಯದನ್ನು ಉಳಿಸಿಕೊಂಡಿದ್ದಾರೆ, ಎಲ್ಲಿ ಬೇಕೆಂದೇ ತಿರುಗಿಸಿದ್ದಾರೆ ಎಂಬುದು ಕಾಣತೊಡಗುತ್ತದೆ. ಗವೇನ್ ಐತಿಹ್ಯದಲ್ಲಿ ಆರ್ಥರನ ಸೋದರಳಿಯ, ಇಲ್ಲಿ ಅವಳು ಆರ್ಥರನ ಸೋದರಸೊಸೆ, ನಡುಹಗಲಿನ ಬಲ ಎಸ್ಕನೋರನಿಂದ ಅವಳಿಗೆ ಸಂದಿದೆ. ಪರ್ಸಿವಲ್‌ನ ವಿಷಯ ಇನ್ನೂ ಸೂಕ್ಷ್ಮ. ಹನ್ನೆರಡನೆಯ ಶತಮಾನದ ಫ್ರೆಂಚ್ ಕವಿ ಕ್ರೆಟ್ಯಾನ್ ದ ತ್ರುವಾ ಅಪೂರ್ಣವಾಗಿ ಬಿಟ್ಟುಹೋದ ಕಾವ್ಯದಲ್ಲಿ, ಗಂಡನನ್ನೂ ಹಿರಿಯ ಮಕ್ಕಳನ್ನೂ ಕಳೆದುಕೊಂಡ ತಾಯಿ, ಉಳಿದೊಬ್ಬ ಮಗನಿಗೆ ಯೋಧರ ಸುದ್ದಿಯೇ ತಾಕದಂತೆ ಕಾಡಿನಲ್ಲಿ ಬೆಳೆಸುತ್ತಾಳೆ. ಮೊದಲ ಬಾರಿ ಯೋಧರನ್ನು ಕಂಡಾಗ ಆ ಹುಡುಗ ಅವರನ್ನು ದೇವದೂತರೆಂದು ಭಾವಿಸುತ್ತಾನೆ. ಮಂಗಾದಲ್ಲಿ ಕಾಡಿನ ಬದಲು ಮೋಡದ ಮೇಲಿನ ಶಿಖರ, ತಾಯಿಯ ಬದಲು ಅಜ್ಜ ವರ್ಗೀಸ್ (ಕೇರಳದ ನೆರೆಮನೆಯವರ ಹೆಸರಿನಂತೆ ಕೇಳಿಸಿದರೂ ಅದು ಅವನ ಹೆಸರೇ), ದೇವದೂತನಂತೆ ಕಾಣುವ ಬದಲು ಕೊಲ್ಲಲು ಬಂದ ಯೋಧ ಐರನ್‌ಸೈಡ್. ಆ ಫ್ರೆಂಚ್ ಕಾವ್ಯದ ಹುಡುಗನ ದೊಡ್ಡ ತಪ್ಪೆಂದರೆ ಕೇಳಬೇಕಾದ ಪ್ರಶ್ನೆಯನ್ನು ಕೇಳದೆ ಬಾಯಿ ಮುಚ್ಚಿಕೊಂಡದ್ದು, ಹೆಚ್ಚು ಮಾತಾಡಬೇಡ ಎಂದು ಯಾರೋ ಹೇಳಿದ್ದನ್ನು ಅತಿಯಾಗಿ ಪಾಲಿಸಿದ್ದು. ಸುಝುಕಿಯವರ ಹುಡುಗ ಇದಕ್ಕೆ ತದ್ವಿರುದ್ಧ. ನಾಚಿಕೆಯಿಲ್ಲದೆ ಎಲ್ಲರನ್ನೂ ಎಲ್ಲವನ್ನೂ ಕೇಳುತ್ತಾನೆ, ಶತ್ರುವನ್ನೂ ಬಿಡುವುದಿಲ್ಲ. ಅವನ ಪ್ರಶ್ನೆಗಳನ್ನು ಹುಡುಗಾಟವೆಂದು ದಾಟಿಬಿಡಬೇಡಿ, ಹಲವು ಕಾಳಗಗಳ ಗತಿ ತಿರುಗುವುದು ಕತ್ತಿಯಿಂದಲ್ಲ, ಅಂಥ ಒಂದು ಪ್ರಶ್ನೆಯಿಂದ.

ಹಾಗೆಂದು ಐತಿಹ್ಯವನ್ನು ಭವಿಷ್ಯ ಹೇಳುವ ಪಂಚಾಂಗದಂತೆ ಬಳಸಲು ಹೋಗಬಾರದು. ಮ್ಯಾಲರಿಯಲ್ಲಿ ಯಾರು ಯಾರಿಗೆ ದ್ರೋಹ ಬಗೆದರು, ಯಾರು ಹೇಗೆ ಸತ್ತರು ಎಂಬುದನ್ನೆಲ್ಲ ಇಲ್ಲಿಗೆ ಹೊಂದಿಸುತ್ತಾ ಕೂತರೆ ಓದು ಕೆಡುತ್ತದೆ, ಊಹೆಯೂ ಬಹಳ ಸಲ ತಪ್ಪುತ್ತದೆ.

ಆರ್ಥರನನ್ನು ಓದುವುದು ಹೇಗೆ

ಸರಣಿಯ ನಿಜವಾದ ದಿಟ್ಟತನ ಇರುವುದು ಇಲ್ಲಿ. ಬೈಬಲಿನ ಕೊನೆಯ ಗ್ರಂಥದ ಆರನೆಯ ಅಧ್ಯಾಯದಲ್ಲಿ ಬಿಳಿ, ಕೆಂಪು, ಕಪ್ಪು ಹಾಗೂ ನಿಸ್ತೇಜ ಬಣ್ಣದ ಕುದುರೆಗಳನ್ನೇರಿ ನಾಲ್ವರು ಬರುತ್ತಾರೆ, ಅವರ ಹಿಂದೆ ಯುದ್ಧ, ಕ್ಷಾಮ, ಮರಣ ಬರುತ್ತವೆ. ಅವರು ಲೋಕಾಂತ್ಯದ ಸವಾರರು. ಮಂಗಾದಲ್ಲಿ ಆ ನಾಲ್ವರೇ ನಾಯಕರು: ಪರ್ಸಿವಲ್, ಟ್ರಿಸ್ಟನ್, ಲ್ಯಾನ್ಸೆಲಾಟ್, ಗವೇನ್. ಅವರು ಲೋಕವನ್ನು ನಾಶಮಾಡುತ್ತಾರೆಂಬ ಭವಿಷ್ಯವಾಣಿ ಇದೆ, ಅದಕ್ಕಾಗಿಯೇ ಕ್ಯಾಮೆಲಾಟಿನ ಯೋಧರು ಅವರನ್ನು ಹುಡುಕಿ ಕೊಲ್ಲಲು ಹೊರಟಿದ್ದಾರೆ. ಯಾರ ಲೋಕದ ನಾಶ ಎಂಬ ಪ್ರಶ್ನೆಯನ್ನು ಕೈಯಲ್ಲಿ ಹಿಡಿದುಕೊಂಡೇ ಓದಬೇಕು. ಐತಿಹ್ಯದಲ್ಲಿ ಈ ನಾಲ್ವರೂ ಆರ್ಥರನ ಆಸ್ಥಾನದ ಹೆಮ್ಮೆ. ಇಲ್ಲಿ ಆರ್ಥರನೇ ಅವರ ಶತ್ರು. ಮನುಷ್ಯರಿಗೆ ಮಾತ್ರ ಸೇರಿದ, ದುಃಖವಿಲ್ಲದ ಶಾಶ್ವತ ರಾಜ್ಯವನ್ನು ಕಟ್ಟಬೇಕೆಂದು, ಉಳಿದ ಕುಲಗಳನ್ನು ಬ್ರಿಟಾನಿಯಾದಿಂದ ಇಲ್ಲವಾಗಿಸಲು ಅವನು ಪಣ ತೊಟ್ಟಿದ್ದಾನೆ.

ಮೂಲವನ್ನು ಓದಿದವರಿಗೂ ಓದದವರಿಗೂ ಈ ಪಾತ್ರ ಬೇರೆ ಬೇರೆಯಾಗಿ ಕಾಣುತ್ತದೆ. ಹೊಸಬರಿಗೆ ಅವನು ದೂರದ ಕೋಟೆಯೊಳಗಿನ ಕ್ರೂರ ದೊರೆ. ಹಳಬರಿಗೆ ಅವನು ಮೆಲಿಯೊಡಸ್‌ನನ್ನು ಮನಸಾರೆ ಗೌರವಿಸುತ್ತಿದ್ದ, ರಾಕ್ಷಸರ ಕೈಯಲ್ಲಿ ತನ್ನ ಊರನ್ನೂ ಜನರನ್ನೂ ಕಳೆದುಕೊಂಡ ಮೆದು ಮಾತಿನ ಹುಡುಗ. ಆ ನೋವನ್ನು ಮರೆಯದ ಓದುಗನಿಗೆ ಮಾತ್ರ ಅವನ ಮಾತುಗಳಲ್ಲಿರುವ ತರ್ಕ ಕೇಳಿಸುತ್ತದೆ, ಹೆದರಿಕೆಯೂ ಆಗ ಹೆಚ್ಚು. ಅವನ ಯೋಧರ ವಿಷಯದಲ್ಲೂ ಅಷ್ಟೆ: ಪ್ರತಿಯೊಬ್ಬನೂ ಆರ್ಥರನಿಂದ ಏನನ್ನು ಬಯಸಿ ಅಲ್ಲಿಗೆ ಹೋದ ಎಂಬುದನ್ನು ಗಮನಿಸುತ್ತಾ ಹೋಗಿ. ಐರನ್‌ಸೈಡ್ ತನ್ನ ಸ್ವಂತ ತಂದೆಯನ್ನೂ ಮಗನನ್ನೂ ಕಡಿಯಲು ಕೈಯೆತ್ತಿದವನು, ಏಕೆ ಎಂಬುದಕ್ಕೆ ಕತೆ ತಡವಾಗಿ ಉತ್ತರ ಕೊಡುತ್ತದೆ.

ಕನ್ನಡದ ಓದುಗರಿಗೆ ಮುಂದಿನ ತಲೆಮಾರಿನ ಇಂಥ ಕತೆ ಅಪರಿಚಿತವಲ್ಲ. ಲಕ್ಷ್ಮೀಶನ 'ಜೈಮಿನಿ ಭಾರತ'ದಲ್ಲೂ ಮಹಾಯುದ್ಧ ಮುಗಿದಾಗಿದೆ, ಕರ್ಣನ ಮಗ ವೃಷಕೇತು, ಅರ್ಜುನನ ಮಗ ಬಭ್ರುವಾಹನ ರಂಗಕ್ಕೆ ಬಂದಿದ್ದಾರೆ. ಆದರೆ ಅಲ್ಲಿ ತಂದೆ ಅರ್ಜುನನೇ ಮಗನ ಎದುರು ನಿಂತು ಬೀಳುತ್ತಾನೆ, ಇಲ್ಲಿ ಆರಂಭದ ಸಂಪುಟಗಳುದ್ದಕ್ಕೂ ಹಿರಿಯರು ಬದಿಗೆ ಸರಿದು ನಿಂತಿರುತ್ತಾರೆ. ಮೆಲಿಯೊಡಸ್ ಬಂದು ಒಂದೇ ಏಟಿಗೆ ಎಲ್ಲವನ್ನೂ ಮುಗಿಸಲಿ ಎಂದು ಕಾಯುತ್ತಾ ಪುಟ ಮಗುಚುವವರು ಬೇಸರಪಡುವುದು ಖಂಡಿತ.

ಪುಟದ ಮೇಲೆ ಕಣ್ಣು

ಮಂಗಾ ಓದುವುದೇ ಹೊಸದಾದವರಿಗೆ: ಪುಸ್ತಕವನ್ನು ನಮ್ಮ ಲೆಕ್ಕದ ಹಿಂಬದಿಯಿಂದ ತೆರೆಯಬೇಕು, ಪ್ರತಿ ಪುಟದಲ್ಲೂ ಚೌಕಗಳನ್ನೂ ಮಾತಿನ ಗುಳ್ಳೆಗಳನ್ನೂ ಬಲದಿಂದ ಎಡಕ್ಕೆ, ಮೇಲಿನಿಂದ ಕೆಳಕ್ಕೆ ಓದಬೇಕು. ಚೌಕಗಳ ನಡುವಿನ ಬಿಳಿಯ ಜಾಗ ಕಪ್ಪಾದರೆ ಅದು ಸಾಮಾನ್ಯವಾಗಿ ಹಿಂದೆ ನಡೆದದ್ದರ ನೆನಪು. ಈ ಸರಣಿಯಲ್ಲಿ ಹಳೆಯದೂ ಹೊಸದೂ ಪದೇ ಪದೇ ಹೆಣೆದುಕೊಳ್ಳುವುದರಿಂದ ಈ ಗುರುತು ಬಹಳ ನೆರವಾಗುತ್ತದೆ.

ಸುಝುಕಿಯವರ ಚಿತ್ರಗಳು ತುಂಬಿದ ಚಿತ್ರಗಳು. ಕಲ್ಲಿನ ಗೋಡೆ, ಮರದ ತೊಗಟೆ, ಕವಚದ ಅಂಚು ಎಲ್ಲಕ್ಕೂ ಗೆರೆ ಬಿದ್ದಿರುತ್ತದೆ. ಕಾಳಗದ ಪುಟಗಳನ್ನು ಮೊದಲು ಕತೆಯ ಓಟಕ್ಕಾಗಿ ಓದಿ, ಆಮೇಲೆ ಯಾರು ಎಲ್ಲಿ ನಿಂತಿದ್ದಾರೆಂದು ನೋಡುವುದಕ್ಕಾಗಿ ಇನ್ನೊಮ್ಮೆ ತಿರುವಿಹಾಕುವುದು ನಾನು ಕಂಡುಕೊಂಡ ಕ್ರಮ. ಮೂಲ ಸರಣಿಯಲ್ಲಿ ಬಲವನ್ನು ಅಂಕಿಗಳಲ್ಲಿ ಅಳೆಯುತ್ತಿದ್ದರು: ಮೆಲಿಯೊಡಸ್‌ನ ಮೊದಲ ಅಳತೆ 3,370, ಕೊನೆಕೊನೆಗೆ ಅವನದೇ ಒಂದು ರೂಪಕ್ಕೆ 1,42,000. ಅಂಕಿ ಅಷ್ಟು ಉಬ್ಬಿದ ಮೇಲೆ ಅದಕ್ಕೆ ಅರ್ಥ ಉಳಿಯಲಿಲ್ಲ. ಹೊಸ ಸರಣಿಯಲ್ಲಿ ಆ ಗೀಳು ಬಹುಮಟ್ಟಿಗೆ ಕಳಚಿದೆ. ಇಲ್ಲಿ ನೋಡಬೇಕಾದದ್ದು ಒಬ್ಬೊಬ್ಬರ ಶಕ್ತಿಯ ಸ್ವಭಾವವನ್ನು. ಪರ್ಸಿವಲ್‌ನ ಶಕ್ತಿ ಅವನದೇ ಪುಟ್ಟ ಪ್ರತಿರೂಪಗಳಾಗಿ ಹೊರಬರುತ್ತದೆ, ಸುತ್ತ ಇರುವವರ ಭರವಸೆಯನ್ನು ಅವಲಂಬಿಸುತ್ತದೆ. ಹಾಗಾಗಿ ಅವನ ಜೊತೆಗಾರರು ಅಲಂಕಾರಕ್ಕೆ ಇರುವವರಲ್ಲ. ವಸ್ತುಗಳನ್ನು ಮುಟ್ಟದೆ ತೇಲಿಸಬಲ್ಲ, ಅಪಾಯ ಕಂಡರೆ ಮೊದಲು ಓಡಲು ನೋಡುವ ಡಾನಿ, ವಿಷ ಮತ್ತು ಔಷಧಗಳ ಪರಿಣತ ನಾಸಿಯೆನ್ಸ್, ಸುಳ್ಳನ್ನು ಕಂಡುಹಿಡಿಯಬಲ್ಲ ಆನ್, ಮಾತನಾಡುವ ನರಿ ಸಿನ್ ಇವರಲ್ಲಿ ಯಾರನ್ನೂ ಹಗುರವಾಗಿ ಎಣಿಸಬೇಡಿ. ನನ್ನ ಮೆಚ್ಚಿನವನು ಡಾನಿ. ಹೇಡಿತನವನ್ನು ಇಷ್ಟು ಮರುಕದಿಂದ ಬರೆದದ್ದು ಹುಡುಗರ ಮಂಗಾದಲ್ಲಿ ಅಪರೂಪ.

ಎಲ್ಲಿ, ಯಾವ ಕ್ರಮದಲ್ಲಿ

ನಮ್ಮಲ್ಲಿ ಬಹುತೇಕರು ಓದುವುದು ಕೊಡಾನ್ಶಾ ಪ್ರಕಾಶನದ ಅಮೆರಿಕ ಶಾಖೆ ತರುವ ಇಂಗ್ಲಿಷ್ ಅನುವಾದದಲ್ಲಿ. ಅದು ಮುದ್ರಿತ ಸಂಪುಟಗಳಲ್ಲೂ ಡಿಜಿಟಲ್ ರೂಪದಲ್ಲೂ ದೊರೆಯುತ್ತದೆ. ಕದ್ದು ಹಾಕಿದ ಸ್ಕ್ಯಾನ್‌ಗಳಲ್ಲಿ ಹೆಸರುಗಳು ಅಧ್ಯಾಯಕ್ಕೊಂದು ರೀತಿ ಇರುತ್ತವೆ, ಹೆಸರುಗಳ ಮೇಲೆಯೇ ನಿಂತ ಇಂಥ ಕತೆಗೆ ಅದು ದೊಡ್ಡ ತೊಡಕು, ಕಾನೂನಿನ ಮಾತು ಹಾಗಿರಲಿ. ವಾರಪತ್ರಿಕೆಯ ಒಂದು ಅಧ್ಯಾಯ ಸುಮಾರು ಇಪ್ಪತ್ತು ಪುಟ, ಪ್ರತಿ ಅಧ್ಯಾಯವೂ ಉಸಿರು ಬಿಗಿಹಿಡಿಯುವ ಜಾಗದಲ್ಲೇ ನಿಲ್ಲುತ್ತದೆ. ಸಂಪುಟವಾಗಿ ಓದಿದರೆ ಆ ತುಂಡರಿಕೆ ಅಷ್ಟಾಗಿ ಕಾಡುವುದಿಲ್ಲ.

ಪಾತ್ರಗಳ ಹೆಸರನ್ನು ಅಂತರ್ಜಾಲದಲ್ಲಿ ಹುಡುಕಬೇಡಿ. ಹುಡುಕುಪಟ್ಟಿಯ ಸಲಹೆಗಳೂ ಮೊದಲ ಚಿತ್ರಗಳೂ ಗುಟ್ಟನ್ನು ರಟ್ಟುಮಾಡುತ್ತವೆ. ಆರಂಭದಿಂದಲೂ ಜೊತೆಯಲ್ಲಿರುವ ಒಬ್ಬರ ನಿಜಸ್ವರೂಪ ತಾನಾಗಿ ಹೊರಬೀಳುವ ಪುಟ ಸರಣಿಯ ಅತ್ಯುತ್ತಮ ಪುಟಗಳಲ್ಲಿ ಒಂದು, ಅದನ್ನು ಕಳೆದುಕೊಳ್ಳಬಾರದು. ಟೆಲಿಕಾಂ ಅನಿಮೇಷನ್ ಫಿಲ್ಮ್ ತಯಾರಿಸಿದ ಅನಿಮೆ 2023ರ ಅಕ್ಟೋಬರಿನಿಂದ ಬಂದಿದೆ, ನೆಟ್‌ಫ್ಲಿಕ್ಸ್‌ನಲ್ಲಿ ಸಿಗುತ್ತದೆ, ಆದರೆ ಅದರ ಆರಂಭಗೀತೆಯ ದೃಶ್ಯಗಳಿಗೂ ಇದೇ ಎಚ್ಚರಿಕೆ ಸಲ್ಲುತ್ತದೆ.

ಉಳಿದದ್ದು ಚಲನಚಿತ್ರಗಳು. 2021ರ 'ಕರ್ಸ್ಡ್ ಬೈ ಲೈಟ್' ಹಳೆಯ ಗೆಳೆಯರನ್ನು ಮತ್ತೊಮ್ಮೆ ನೋಡಬೇಕೆನ್ನುವವರಿಗೆ ಮಾತ್ರ, ಬಿಟ್ಟರೆ ನಷ್ಟವೇನಿಲ್ಲ. 2022ರ ಡಿಸೆಂಬರ್ ಮತ್ತು 2023ರ ಆಗಸ್ಟಿನಲ್ಲಿ ಎರಡು ಭಾಗಗಳಾಗಿ ಬಂದ 'ಗ್ರಡ್ಜ್ ಆಫ್ ಎಡಿನ್‌ಬರ್ಗ್' ಬಾಲಕ ಟ್ರಿಸ್ಟನ್‌ನ ಕತೆ, ಕಾಲಕ್ರಮದಲ್ಲಿ ಎರಡು ಸರಣಿಗಳ ನಡುವೆ ಬರುತ್ತದೆ. ಕಂಪ್ಯೂಟರ್ ಚಿತ್ರಣ ಎಲ್ಲರಿಗೂ ಒಗ್ಗುವಂಥದ್ದಲ್ಲ. ಆದರೂ ತಂದೆಯ ರಾಕ್ಷಸಬಲವನ್ನೂ ತಾಯಿಯ ದೇವತಾಬಲವನ್ನೂ ಒಂದೇ ದೇಹದಲ್ಲಿ ಹೊತ್ತ ಹುಡುಗ ತನ್ನ ಅರ್ಧಕ್ಕೆ ತಾನೇ ಏಕೆ ಹೆದರುತ್ತಾನೆಂಬುದನ್ನು ಅದು ಮಂಗಾಕ್ಕಿಂತ ನಿಧಾನವಾಗಿ ಬಿಡಿಸಿ ತೋರಿಸುತ್ತದೆ. ಕಾಲಕ್ರಮವನ್ನು ನಂಬಿ ಅದನ್ನು ಮೊದಲೇ ನೋಡಬೇಡಿ. ಮಂಗಾದಲ್ಲಿ ಟ್ರಿಸ್ಟನ್ ಪರ್ಸಿವಲ್‌ನನ್ನು ಭೇಟಿಯಾಗುವವರೆಗೆ ಓದಿ, ಅಲ್ಲಿ ಪುಸ್ತಕ ಮಡಚಿಟ್ಟು ಎರಡೂ ಭಾಗಗಳನ್ನು ನೋಡಿ, ಬಳಿಕ ಮೂಲ ಸರಣಿಯ 41ನೆಯ ಸಂಪುಟವನ್ನು ಆರ್ಥರ್ ಬರುವ ಪುಟಗಳಿಗಾಗಿ ಇನ್ನೊಮ್ಮೆ ಓದಿಕೊಂಡು ಮುಂದಿನ ಸಂಪುಟವನ್ನು ಕೈಗೆತ್ತಿಕೊಳ್ಳಿ.